ಪೂರ್ವಗ್ರಹವಿದೆ ಎಂದ ಮಾತ್ರಕ್ಕೆ ನಾನು ರೇಸಿಸ್ಟ್ ಆದೆನೇ?

ಓದುಗರ ಪ್ರಶ್ನೆ

“ಹಲವು ದೇಶಗಳವರು ಒಟ್ಟಿಗೆ ದುಡಿಯುವ ಕಂಪನಿಯೊಂದರಲ್ಲಿ ನಾನು ಟೀಮ್ ಲೀಡ್. ವಿಭಾಗದ ಬಡ್ತಿ ಸಮಿತಿಯ ಮೂವರಲ್ಲಿ ನಾನೂ ಒಬ್ಬ. ಈ ಸಲ ಬಡ್ತಿ ಸಿಗದ ಕಪ್ಪು ವರ್ಣೀಯ ಸಹೋದ್ಯೋಗಿಯೊಬ್ಬರು ನೇರವಾಗಿ ಬಂದು, ‘ನಿಮ್ಮ ಆಯ್ಕೆಯಲ್ಲಿ ಜನಾಂಗೀಯ ಪೂರ್ವಗ್ರಹ ಕಾಣುತ್ತಿದೆ’ ಎಂದರು. ನನ್ನನ್ನು ರೇಸಿಸ್ಟ್ ಎಂದು ಕರೆದಂತಾಯಿತು. ನಾನೇನೂ ಬಿಳಿಯನಲ್ಲ, ಕಂದು ಬಣ್ಣದವನು. ಚುಚ್ಚುಮಾತುಗಳನ್ನು ನಾನೂ ಕೇಳಿಸಿಕೊಂಡಿದ್ದೇನೆ. ಸಮಾಧಾನವಾಗದೆ ಆನ್‌ಲೈನ್‌ನಲ್ಲಿ ಸಿಗುವ ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್ (ಅರಿವಿಲ್ಲದ ಒಲವನ್ನು ಅಳೆಯುವ ಪರೀಕ್ಷೆ) ಮಾಡಿದೆ. ‘ಬಿಳಿಯರ ಕಡೆ ಮಧ್ಯಮ ಪ್ರಮಾಣದ ಒಲವು’ ಎಂದು ಬಂತು. ಆಮೇಲೆ ಹಳೆಯ ದಾಖಲೆ ತೆಗೆದು ನೋಡಿದೆ: ಎರಡು ವರ್ಷಗಳಲ್ಲಿ ಬಡ್ತಿ ಕೇಳಿದ 40 ಬಿಳಿಯರಲ್ಲಿ 20 ಮಂದಿಗೆ ಸಿಕ್ಕಿದೆ, 14 ಕಪ್ಪು ವರ್ಣೀಯರಲ್ಲಿ 4 ಮಂದಿಗೆ. ನಿಯಮವೇನೋ ಎಲ್ಲರಿಗೂ ಒಂದೇ: ದೊಡ್ಡ ಗ್ರಾಹಕರ ಪ್ರಾಜೆಕ್ಟ್‌ನಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿರಬೇಕು. ಆಮೇಲೆ ನಾಯಕತ್ವ, ಸಂವಹನ, ತಂಡಕ್ಕೆ ಹೊಂದಿಕೆ ಇವನ್ನು ನೋಡಿ, ಮೂವರೂ ಮಾತಾಡಿ ತೀರ್ಮಾನಿಸುತ್ತೇವೆ. ಸಮಿತಿಯ ಹಿರಿಯರು ಒಮ್ಮೆ ‘ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವುದು ಅವರ ರಕ್ತದಲ್ಲೇ ಇಲ್ಲ ಬಿಡಿ’ ಎಂದು ನಕ್ಕಿದ್ದರು. ಅದು ತಮಾಷೆ, ಅವರೇನೂ ಕೆಟ್ಟವರಲ್ಲ. ಎಚ್‌ಆರ್‌ನವರು ಎಲ್ಲರಿಗೂ ಅರ್ಧ ದಿನದ ತರಬೇತಿ ಇಡುತ್ತಾರಂತೆ. ಪೂರ್ವಗ್ರಹವೂ ರೇಸಿಸಂ ಕೂಡ ಒಂದೇನಾ? ನಾನು ಯಾವುದರಲ್ಲಿದ್ದೇನೆ? ಈಗ ಏನು ಮಾಡಲಿ?”

ಉತ್ತರ

ನಿಮ್ಮ ಸಹೋದ್ಯೋಗಿ ಮಾತಾಡಿದ್ದು ಆಯ್ಕೆಯ ಬಗ್ಗೆ. ನೀವು ಕೇಳಿಸಿಕೊಂಡದ್ದು ನಿಮ್ಮ ಮನಸ್ಸಿನ ಬಗ್ಗೆ. ಗೊಂದಲ ಹುಟ್ಟಿದ್ದೇ ಅಲ್ಲಿ. ಪತ್ರದಲ್ಲಿ ನಿಮ್ಮನ್ನು ಹೆಚ್ಚು ಕಾಡಿದ್ದು ಆನ್‌ಲೈನ್ ಪರೀಕ್ಷೆಯ ಫಲಿತಾಂಶ. ನನ್ನ ಲೆಕ್ಕದಲ್ಲಿ ಅದಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ. ‘ತಮಾಷೆ’ ಎಂದು ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಮಾತೇ ಇಡೀ ಪತ್ರದಲ್ಲಿ ಗಂಭೀರವಾದದ್ದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಪೂರ್ವಗ್ರಹ, ರೇಸಿಸಂ ಎರಡೂ ಒಂದೇ ಅಲ್ಲ. ಒಬ್ಬರನ್ನು ಅಳೆಯುವಾಗ ಅವರ ಜನಾಂಗವೋ ಮೈಬಣ್ಣವೋ ಆ ಕೆಲಸಕ್ಕೆ ಸಂಬಂಧವೇ ಇಲ್ಲದಿದ್ದರೂ ಅಳತೆಯನ್ನು ಪದೇ ಪದೇ ಒಂದೇ ದಿಕ್ಕಿಗೆ ಸರಿಸಿದರೆ ಅದು ಜನಾಂಗೀಯ ಪೂರ್ವಗ್ರಹ. ಅದು ಅಳೆಯುವವರಿಗೆ ಗೊತ್ತಿರಲೂಬಹುದು, ಗೊತ್ತಿಲ್ಲದಿರಲೂಬಹುದು. ಮನುಷ್ಯರಲ್ಲಿರಬಹುದು, ಉಪಕರಣದಲ್ಲೂ ಇರಬಹುದು. ಜನಾಂಗೀಯವಾದಕ್ಕೆ, ಅಂದರೆ ನೀವು ರೇಸಿಸಂ ಎನ್ನುವುದಕ್ಕೆ, ಎರಡು ರೂಪಗಳಿವೆ. ಒಂದು, ಕೆಲವರು ಹುಟ್ಟಿನಿಂದಲೇ ಮೇಲು, ಕೆಲವರು ಹುಟ್ಟಿನಿಂದಲೇ ಕೀಳು ಎಂಬ ನಂಬಿಕೆ ಮತ್ತು ಆ ನಂಬಿಕೆಯಿಂದ ಹೊರಡುವ ಮಾತು, ನಡತೆ. ಇನ್ನೊಂದು, ಒಂದು ಗುಂಪನ್ನು ಹಿಂದೆಯೇ ಉಳಿಸುವ ವ್ಯವಸ್ಥೆ: ನಿಯಮ, ರೂಢಿ, ಅವಕಾಶ ಹಂಚುವ ಬಗೆ. ಈ ಎರಡನೆಯದಕ್ಕೆ ಯಾರ ಎದೆಯಲ್ಲೂ ದ್ವೇಷ ಇರಲೇಬೇಕೆಂದಿಲ್ಲ. ಒಮ್ಮೆ ಕಟ್ಟಿದ ಮೇಲೆ ಅದು ತಾನಾಗಿಯೇ ನಡೆಯುತ್ತದೆ.

ಅಮೆರಿಕದ ಕಪ್ಪು ವರ್ಣೀಯರ ಹಕ್ಕುಗಳ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮತ್ತು ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ 1967ರಲ್ಲಿ ಈ ಎರಡನೆಯ ರೂಪಕ್ಕೆ ‘ಸಾಂಸ್ಥಿಕ ರೇಸಿಸಂ’ ಎಂಬ ಹೆಸರು ಬಳಕೆಗೆ ತಂದರು. ಬ್ರಿಟನ್‌ನಲ್ಲಿ 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ವರ್ಣೀಯ ಯುವಕನ ಕೊಲೆಯಾಯಿತು. ಪೊಲೀಸರು ನಡೆಸಿದ ತನಿಖೆಯನ್ನು ಪರಿಶೀಲಿಸಿದ ಮ್ಯಾಕ್‌ಫರ್ಸನ್ ವರದಿ 1999ರಲ್ಲಿ ಅದೇ ಮಾತನ್ನು ಅಧಿಕೃತ ದಾಖಲೆಗೆ ಸೇರಿಸಿತು. ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ವಿವೇಚನೆಯಿಲ್ಲದ ನಡವಳಿಕೆ ಎಲ್ಲ ಸೇರಿ ಒಂದು ಸಂಸ್ಥೆ ಒಟ್ಟಾಗಿ ಸೋಲಬಹುದು ಎಂಬುದು ಆ ವರದಿ ಕಂಡುಕೊಂಡ ವಿಷಯ.

ರೇಸಿಸಂ ಎನ್ನಬೇಕಾದರೆ ಅಧಿಕಾರ ಇರಲೇಬೇಕೇ, ವ್ಯಕ್ತಿಯ ಹಗೆತನವೂ ಆ ಹೆಸರಿಗೆ ಸಾಕೇ ಎಂಬುದು ಇನ್ನೂ ಮುಗಿಯದ ವಾದ. ಸಭೆಯಲ್ಲಿ ಆ ವಾದಕ್ಕೆ ಇಳಿದರೆ ಮಧ್ಯಾಹ್ನವೆಲ್ಲ ಅದರಲ್ಲೇ ಹೋಗುತ್ತದೆ, ಬಡ್ತಿಯ ಕಡತ ತೆರೆಯುವುದೇ ಇಲ್ಲ. ಯಾವ ಅರ್ಥದಲ್ಲಿ ಹೇಳುತ್ತಿದ್ದೀರಿ ಎಂದು ಒಂದು ವಾಕ್ಯದಲ್ಲಿ ತಿಳಿಸಿ ಮುಂದೆ ಹೋಗಿ.

ಪೂರ್ವಗ್ರಹ ಬರುವುದು ಎಲ್ಲಿಂದ

ಅದರ ಒಂದು ಬೇರು ದ್ವೇಷಕ್ಕಿಂತ ತುಂಬ ಹಳೆಯದು. ಬ್ರಿಟನ್‌ನಲ್ಲಿ ಬಿಳಿಯ ಶಿಶುಗಳ ಮೇಲೆ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಆಗಷ್ಟೇ ಹುಟ್ಟಿದ ಕೂಸು ಯಾವ ಜನಾಂಗದ ಮುಖವನ್ನೂ ಹೆಚ್ಚು ಹೊತ್ತು ನೋಡುವುದಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ತನ್ನವರಂತೆ ಕಾಣುವ ಮುಖಗಳತ್ತ ಕಣ್ಣು ಹೆಚ್ಚು ಹೊರಳುತ್ತದೆ. ಇದು ರಕ್ತಗುಣ ಅಲ್ಲ, ನೋಡಿ ನೋಡಿ ಬಂದ ರೂಢಿ. ಫ್ರಾನ್ಸ್‌ನ ಬಿಳಿಯ ಕುಟುಂಬಗಳು 3ರಿಂದ 9 ವರ್ಷದೊಳಗೆ ದತ್ತು ತೆಗೆದುಕೊಂಡ ಕೊರಿಯಾದ ಮಕ್ಕಳನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ ಅವರು ಏಷ್ಯಾದವರ ಮುಖಗಳಿಗಿಂತ ಬಿಳಿಯರ ಮುಖಗಳನ್ನೇ ಚೆನ್ನಾಗಿ ಗುರುತಿಸಿದರು. ಅದೂ 2005ರಲ್ಲೇ ಪ್ರಕಟವಾದ ಸಂಶೋಧನೆ. ಕಣ್ಣು ಎಲ್ಲಿ ಪಳಗಿತೋ ಅಲ್ಲಿ ಚುರುಕು.

ಇಲ್ಲಿ ದ್ವೇಷದ ಸುಳಿವಿಲ್ಲ. ಆದರೂ ಹಾನಿ ಆಗುತ್ತದೆ. ಅಮೆರಿಕದಲ್ಲಿ ಸಾಕ್ಷಿಗಳು ತಪ್ಪಾಗಿ ಗುರುತಿಸಿ, ಅಪರಾಧ ಮಾಡದವರು ವರ್ಷಗಟ್ಟಲೆ ಜೈಲಿನಲ್ಲಿದ್ದು, ಕೊನೆಗೆ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದ ಪ್ರಕರಣಗಳು ಇನ್ನೂರನ್ನು ಮೀರಿವೆ. ಅವುಗಳಲ್ಲಿ ಎಷ್ಟೋ ಕಡೆ ಸಾಕ್ಷಿ ಒಂದು ಜನಾಂಗದವರು, ಆರೋಪಿ ಇನ್ನೊಂದು ಜನಾಂಗದವರು.

ಇನ್ನೊಂದು ಬೇರು ನಾವು ಕೇಳುತ್ತ, ನೋಡುತ್ತ ಬೆಳೆದ ಸಿದ್ಧ ಚಿತ್ರಗಳು. ಸುದ್ದಿ, ಸಿನಿಮಾ, ಹರಟೆ ಎಲ್ಲ ಸೇರಿ ಒಂದು ಗುಂಪಿನ ಹೆಸರಿಗೆ ಒಂದು ಗುಣವನ್ನು ಅಂಟಿಸುತ್ತವೆ. ಆ ಮಾತನ್ನು ನೀವು ನಂಬದಿದ್ದರೂ ಅವಸರದಲ್ಲಿ ತಲೆಗೆ ಮೊದಲು ಬರುವುದು ಅದೇ. ಆದ್ದರಿಂದ ‘ನಾನು ಕಂದು ಬಣ್ಣದವನು’ ಎಂಬುದು ನಿಮಗೆ ರಕ್ಷೆಯಾಗುವುದಿಲ್ಲ. ಕಪ್ಪು ವರ್ಣೀಯರ ಬಗ್ಗೆ ಓಡಾಡುವ ಗಾಳಿಮಾತು ಬಿಳಿಯರ ಕಿವಿಗೆ ಮಾತ್ರ ಬೀಳುವಂಥದ್ದಲ್ಲ. ನೀವು ಚುಚ್ಚುಮಾತು ಕೇಳಿಸಿಕೊಂಡವರು ಎಂಬುದು ನಿಜವಾದ ನೋವು, ಆದರೆ ನಿಮ್ಮ ಸಮಿತಿಯ ತೀರ್ಪು ಸರಿಯಿತ್ತು ಎನ್ನುವುದಕ್ಕೆ ಅದು ಪುರಾವೆಯಾಗಲಾರದು.

ಇಂಥ ಚಿತ್ರಗಳು ತೀರ್ಮಾನದಲ್ಲಿ ಎಷ್ಟು ತೂಗುತ್ತವೆ ಎಂಬುದಕ್ಕೆ 2004ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞರಾದ ಬರ್ಟ್ರಂಡ್ ಮತ್ತು ಮುಲ್ಲೈನಾಥನ್ ಅವರ ಪ್ರಯೋಗ ಹೆಸರಾಂತದ್ದು. ಬಾಸ್ಟನ್ ಮತ್ತು ಷಿಕಾಗೊದ ಉದ್ಯೋಗ ಜಾಹೀರಾತುಗಳಿಗೆ ಅವರು ಸುಮಾರು 5,000 ಕಲ್ಪಿತ ರೆಸ್ಯುಮೆಗಳನ್ನು ಕಳಿಸಿದರು. ಅರ್ಹತೆ ಸಮಸಮ, ಹೆಸರು ಮಾತ್ರ ಬೇರೆ. ಬಿಳಿಯರದೆಂದು ಅನಿಸುವ ಹೆಸರಿಗೆ ಮರುಕರೆ ಬಂದದ್ದು ನೂರಕ್ಕೆ 9.65ರಷ್ಟು, ಕಪ್ಪು ವರ್ಣೀಯರದೆಂದು ಅನಿಸುವ ಹೆಸರಿಗೆ 6.45. ಕ್ಲೈನ್, ರೋಸ್, ವಾಲ್ಟರ್ಸ್ ಅವರು 2022ರಲ್ಲಿ ಪ್ರಕಟಿಸಿದ ಇನ್ನೂ ದೊಡ್ಡ ಅಧ್ಯಯನದಲ್ಲಿ 108 ದೊಡ್ಡ ಕಂಪನಿಗಳಿಗೆ ಸುಮಾರು 83,000 ಅರ್ಜಿಗಳು ಹೋದವು. ಒಟ್ಟು ವ್ಯತ್ಯಾಸ ಸುಮಾರು 2 ಶೇಕಡಾಂಶ. ಆದರೆ ಅದು ಎಲ್ಲ ಕಂಪನಿಗಳಲ್ಲೂ ಸಮನಾಗಿ ಹರಡಿರಲಿಲ್ಲ. ತಪ್ಪಿಹೋದ ಮರುಕರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಐದನೇ ಒಂದು ಭಾಗದ ಕಂಪನಿಗಳಿಂದಲೇ ಆದದ್ದು. ನೇಮಕಾತಿಯನ್ನು ಒಂದೆಡೆಯಿಂದ ಕ್ರಮಬದ್ಧವಾಗಿ ನಿಭಾಯಿಸುವ ಕಂಪನಿಗಳಲ್ಲಿ ವ್ಯತ್ಯಾಸ ಕಡಿಮೆಯಿತ್ತು. ಮನುಷ್ಯರ ತಲೆಗಳು ಎಲ್ಲ ಕಡೆಯೂ ಸರಿಸುಮಾರು ಒಂದೇ. ಹಾಗಿದ್ದರೂ ಫಲಿತಾಂಶ ಬೇರೆಯಾದದ್ದು ಕೆಲಸ ಮಾಡುವ ಕ್ರಮದಿಂದ ಎಂದೇ ನಾನು ಓದಿಕೊಳ್ಳುತ್ತೇನೆ. ನಿಮಗೆ ಕೆಳಗೆ ಕೊಡುವ ಸಲಹೆಯೆಲ್ಲ ಇದರ ಮೇಲೆಯೇ ನಿಂತಿದೆ.

ಜನಪ್ರಿಯವಾದ ಕೆಲವು ತಪ್ಪು ತಿಳಿವಳಿಕೆ

‘ಉದ್ದೇಶವಿಲ್ಲದಿದ್ದರೆ ತಾರತಮ್ಯವೂ ಇಲ್ಲ.’ ಕಾನೂನು ಹಾಗೆ ನೋಡುವುದಿಲ್ಲ. ವಿಶ್ವಸಂಸ್ಥೆ 1965ರಲ್ಲಿ ಅಂಗೀಕರಿಸಿದ ಜನಾಂಗೀಯ ತಾರತಮ್ಯ ನಿರ್ಮೂಲನೆಯ ಒಡಂಬಡಿಕೆಯ ಮೊದಲನೆಯ ವಿಧಿಯೇ ಉದ್ದೇಶ ಅಥವಾ ಪರಿಣಾಮ, ಎರಡರಲ್ಲಿ ಯಾವುದಿದ್ದರೂ ಸಾಕು ಎನ್ನುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ತೀರ್ಮಾನಿಸಿದ ಗ್ರಿಗ್ಸ್ ಮತ್ತು ಡ್ಯೂಕ್ ಪವರ್ ಕಂಪನಿಯ ಮೊಕದ್ದಮೆ ನಿಮ್ಮ ಪರಿಸ್ಥಿತಿಗೆ ತೀರಾ ಹತ್ತಿರದ್ದು. ಉತ್ತರ ಕ್ಯಾರೊಲಿನಾದ ವಿದ್ಯುತ್ ಸ್ಥಾವರವೊಂದರಲ್ಲಿ ಕಪ್ಪು ವರ್ಣೀಯರನ್ನು ಕೂಲಿ ವಿಭಾಗಕ್ಕೆ ಮಾತ್ರ ಸೇರಿಸಿಕೊಳ್ಳುತ್ತಿದ್ದರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ಹಾಗೆ ಮಾಡುವಂತಿರಲಿಲ್ಲ. ಆಗ ಉಳಿದ ವಿಭಾಗಗಳಿಗೆ ಹೈಸ್ಕೂಲ್ ಪ್ರಮಾಣಪತ್ರ, ಜೊತೆಗೆ ಲಿಖಿತ ಪರೀಕ್ಷೆಗಳು ಬೇಕೆಂಬ ಷರತ್ತು ನಿಂತಿತು. ನಿಯಮ ಎಲ್ಲರಿಗೂ ಒಂದೇ. ಆದರೆ ಆ ಪ್ರಮಾಣಪತ್ರವಿಲ್ಲದೆ ಮೊದಲೇ ಸೇರಿದ್ದ ಬಿಳಿಯ ನೌಕರರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಕೆಲಸಕ್ಕೆ ನಿಜವಾಗಿ ಬೇಕಿಲ್ಲದ ಷರತ್ತು ಒಂದು ಗುಂಪನ್ನು ಹೊರಗಿಡುವುದಾದರೆ, ಒಳ್ಳೆಯ ಉದ್ದೇಶವಿತ್ತು ಎಂಬ ನೆಪ ನಿಲ್ಲದು ಎಂದು ನ್ಯಾಯಾಲಯ ಹೇಳಿತು.

‘ನಾವು ಬಣ್ಣವನ್ನೇ ನೋಡುವುದಿಲ್ಲ.’ ನೋಡದಿರುವುದರಿಂದಲೇ ಕೆಲವು ದೋಷಗಳು ಉಳಿದುಬಿಡುತ್ತವೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬೆಳಕನ್ನು ಚರ್ಮದ ಮೂಲಕ ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಉಪಕರಣ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕಡಿಮೆ ಇದ್ದವರು ಕಪ್ಪು ವರ್ಣೀಯ ರೋಗಿಗಳಲ್ಲಿ ಶೇ 11.7, ಬಿಳಿಯರಲ್ಲಿ ಶೇ 3.6. ಉಪಕರಣಕ್ಕೆ ದ್ವೇಷ ಗೊತ್ತಿಲ್ಲ. ಬಣ್ಣವಾರು ಲೆಕ್ಕ ಹಾಕದೆ ಹೋಗಿದ್ದರೆ ದೋಷ ಬೆಳಕಿಗೇ ಬರುತ್ತಿರಲಿಲ್ಲ.

‘ಪರೀಕ್ಷೆಯಲ್ಲಿ ಒಲವು ಬಂತು, ಅಂದರೆ ನಾನು ರೇಸಿಸ್ಟ್.’ ನೀವು ಮಾಡಿದ ಪರೀಕ್ಷೆ 1998ರಲ್ಲಿ ಬಂದದ್ದು. ಮುಖ ಮತ್ತು ಪದಗಳ ಜೋಡಿಗೆ ಎಷ್ಟು ಬೇಗ ಕೀಲಿ ಒತ್ತುತ್ತೀರಿ ಎಂಬುದನ್ನು ಮಿಲಿಸೆಕೆಂಡುಗಳಲ್ಲಿ ಅಳೆದು ಅಂಕ ಕೊಡುತ್ತದೆ. ಅದೇ ವ್ಯಕ್ತಿ ಇನ್ನೊಂದು ದಿನ ಮಾಡಿದರೆ ಅಂಕ ಸಾಕಷ್ಟು ಬದಲಾಗಬಹುದು. ಸಾವಿರಾರು ಜನರ ಸರಾಸರಿಯ ಬಗ್ಗೆ ಅದು ಏನಾದರೂ ಹೇಳೀತು. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡಲು ಬಳಸಬೇಡಿ ಎಂದು ಅದನ್ನು ರೂಪಿಸಿದವರೇ ಎಚ್ಚರಿಸಿದ್ದಾರೆ. ಒಲವು ಬಂತೆಂದು ಕುಗ್ಗಬೇಡಿ. ಬರದಿದ್ದರೆ ಅದನ್ನು ನಿರ್ದೋಷಿ ಪತ್ರದಂತೆ ಜೇಬಿನಲ್ಲಿಟ್ಟುಕೊಳ್ಳುವುದೂ ಸಲ್ಲದು.

ಆ ‘ತಮಾಷೆ’

ಈಗ ಹಿರಿಯರ ಮಾತಿಗೆ ಬರೋಣ. ‘ಅವರ ರಕ್ತದಲ್ಲೇ ಇಲ್ಲ.’ ಇದು ಅರಿವಿಲ್ಲದೆ ಜಾರಿದ ಒಲವು ಅಲ್ಲ. ಒಂದು ಇಡೀ ಜನರಿಗೆ ಹುಟ್ಟಿನಿಂದಲೇ ಒಂದು ಕೊರತೆಯಿದೆ ಎಂಬ ಪ್ರತಿಪಾದನೆ. ಮೇಲೆ ಹೇಳಿದ ಜನಾಂಗೀಯವಾದದ ಮೊದಲ ರೂಪಕ್ಕೆ ಇದು ತಕ್ಕ ಉದಾಹರಣೆ. ವಿಜ್ಞಾನದ ಕಡೆಯಿಂದ ನೋಡಿದರೂ ಪೊಳ್ಳು: ಮನುಷ್ಯರ ನಡುವಿನ ಅನುವಂಶಿಕ ವ್ಯತ್ಯಾಸಗಳಲ್ಲಿ ಸುಮಾರು ಶೇ 85ರಷ್ಟು ಒಂದೇ ಸಮುದಾಯದ ಒಳಗಿನ ವ್ಯಕ್ತಿಗಳ ನಡುವೆಯೇ ಇದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಮೇಲಿನ ಅಧ್ಯಯನಗಳೂ ಅದನ್ನೇ ಗಟ್ಟಿ ಮಾಡಿವೆ. ಗಡುವಿಗೆ ವರದಿ ಮುಗಿಸುವ ಗುಣಕ್ಕೆ ಜನಾಂಗದ ರಕ್ತ ಎಂಬುದಿಲ್ಲ.

ಅವರು ಕೆಟ್ಟವರೇ ಅಲ್ಲವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಮಾತು ಆಡಿದವರು ಬಡ್ತಿ ಕೊಡುವ ಕುರ್ಚಿಯಲ್ಲಿದ್ದಾರೆ. ಅಭ್ಯರ್ಥಿಗಳ ಕೆಲಸವನ್ನು ಅಳೆಯುವವರಲ್ಲಿ ಅವರೂ ಒಬ್ಬರು. ತಮಾಷೆ ಎಂಬ ಸಬೂಬೂ ಎಲ್ಲ ಕಡೆ ನಡೆಯದು. ಬ್ರಿಟನ್‌ನ 2010ರ ಸಮಾನತಾ ಕಾಯ್ದೆಯಲ್ಲಿ ಕಿರುಕುಳವನ್ನು ಅಳೆಯುವಾಗ ಉದ್ದೇಶದ ಜೊತೆಗೆ ಪರಿಣಾಮವನ್ನೂ ನೋಡುತ್ತಾರೆ. ಇಂಥದ್ದನ್ನು ‘ಅರಿವಿಲ್ಲದ ಪೂರ್ವಗ್ರಹ’ ಎಂದು ಕರೆದು ಎಲ್ಲರನ್ನೂ ತರಬೇತಿಗೆ ಕೂರಿಸುವುದು ಸಂಸ್ಥೆಗಳಲ್ಲಿ ಪದೇ ಪದೇ ಕಾಣುವ ಜಾಣತನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮೆದುವಾದ ಪದ ಸಿಕ್ಕಿತೆಂದು ಗಟ್ಟಿ ಸಂಗತಿಯನ್ನು ಅದರೊಳಗೆ ಮುಚ್ಚಿಡಬಾರದು.

ನೀವು ಮಾಡಬೇಕಾದದ್ದು: ಯಾವ ದಿನ, ಯಾವ ಸಭೆ, ಯಾರ ಎದುರು, ಯಾವ ಮಾತು ಎಂಬುದನ್ನು ನೆನಪಿದ್ದಷ್ಟು ಬರೆದಿಡಿ. ವ್ಯಾಖ್ಯಾನ ಬೇಡ, ಆಡಿದ ಪದಗಳಷ್ಟೇ ಸಾಕು. ಅದನ್ನು ಎಚ್‌ಆರ್‌ಗೆ ಲಿಖಿತವಾಗಿ ಕೊಡಿ. ವಿಚಾರಣೆ ಮುಗಿಯುವ ತನಕ ಅವರನ್ನು ಬಡ್ತಿ ಸಮಿತಿಯಿಂದ ಹೊರಗಿಡುವಂತೆ ಕೇಳಿ. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಹಿರಿಯರ ಜೊತೆಗಿನ ಸಂಬಂಧ ಕೆಡುತ್ತದೆ, ‘ಆಗಲೇ ಯಾಕೆ ಹೇಳಲಿಲ್ಲ’ ಎಂದು ನಿಮ್ಮನ್ನೂ ಕೇಳುತ್ತಾರೆ. ಸುಮ್ಮನಿದ್ದರೆ ಅಪಾಯ ಇನ್ನೂ ದೊಡ್ಡದು. ನಾಳೆ ಪ್ರಕರಣ ಕಾನೂನಿನ ಮೆಟ್ಟಿಲೇರಿದರೆ, ಗೊತ್ತಿದ್ದೂ ಮುಚ್ಚಿಟ್ಟವರ ಪಟ್ಟಿಯಲ್ಲಿ ನಿಮ್ಮ ಹೆಸರೂ ಬರುತ್ತದೆ.

ನಿಮ್ಮ ಅಂಕಿಗಳು ಏನು ಹೇಳುತ್ತವೆ

40ರಲ್ಲಿ 20 ಅಂದರೆ ಶೇ 50. 14ರಲ್ಲಿ 4 ಅಂದರೆ ಶೇ 28.6. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.57. ಅಮೆರಿಕದ ಸರ್ಕಾರಿ ಸಂಸ್ಥೆಗಳು 1978ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಐದರಲ್ಲಿ ನಾಲ್ಕು’ ಎಂಬ ಒರೆಗಲ್ಲಿದೆ: ಈ ಅನುಪಾತ 0.80ಕ್ಕಿಂತ ಕೆಳಗೆ ಬಂದರೆ ಆ ಆಯ್ಕೆ ವಿಧಾನವನ್ನು ಪರಿಶೀಲಿಸಬೇಕು. ನಿಮ್ಮದು ಅದಕ್ಕಿಂತ ತುಂಬ ಕೆಳಗಿದೆ.

ಆದರೆ ಅವಸರ ಬೇಡ. ಆ ಹದಿನಾಲ್ಕರಲ್ಲಿ ಇನ್ನಿಬ್ಬರಿಗೆ ಬಡ್ತಿ ಸಿಕ್ಕಿದ್ದರೆ ಅನುಪಾತ 0.86 ಆಗಿ ಗೆರೆ ದಾಟುತ್ತಿತ್ತು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಹಾಗಾಗಿ ಇದು ತಾರತಮ್ಯದ ಸಾಕ್ಷ್ಯವಲ್ಲ, ಇನ್ನೂ ಒಳಗೆ ಇಳಿದು ನೋಡಿ ಎಂಬ ಸೂಚನೆ. ‘ಸಂಖ್ಯಾಶಾಸ್ತ್ರದ ಪ್ರಕಾರ ಸಾಬೀತಾಗಿಲ್ಲ’ ಎಂದು ಕಡತ ಮುಚ್ಚುವುದೂ ತಪ್ಪು. ಸಣ್ಣ ತಂಡದಲ್ಲಿ ಇಂಥದ್ದು ಅಂಕಿಗಳಿಂದಲೇ ಸಾಬೀತಾಗುವುದು ಅಪರೂಪ.

ಒಳಗೆ ಇಳಿಯುವುದೆಂದರೆ ಹಂತ ಹಂತವಾಗಿ ಎಣಿಸುವುದು. ಅರ್ಹರಾದವರು ಎಷ್ಟು, ಅರ್ಜಿ ಹಾಕಿ ಎಂದು ಮ್ಯಾನೇಜರ್ ಹೇಳಿದ್ದು ಎಷ್ಟು ಮಂದಿಗೆ, ಅರ್ಜಿ ಹಾಕಿದವರು, ಸಂದರ್ಶನಕ್ಕೆ ಬಂದವರು, ಆಯ್ಕೆಯಾದವರು. ಎಲ್ಲಿ ಸಂಖ್ಯೆ ಕುಸಿಯುತ್ತದೋ ಚಿಕಿತ್ಸೆ ಅಲ್ಲಿಗೆ. ಸಂದರ್ಶನದ ಹಂತದಲ್ಲಿ ಕುಸಿದಿದ್ದರೆ ನೋಡಬೇಕಾದ್ದು ತೀರ್ಪುಗಾರರ ಪೂರ್ವಗ್ರಹವನ್ನು. ಅದಕ್ಕೂ ಮುಂಚೆ, ಅರ್ಹತೆಯ ಹಂತದಲ್ಲೇ ಕುಸಿದಿದ್ದರೆ ನಿಯಮವನ್ನು.

ನನಗೆ ಅನುಮಾನ ಇರುವುದು ನಿಯಮದ ಮೇಲೆ. ‘ದೊಡ್ಡ ಗ್ರಾಹಕರ ಪ್ರಾಜೆಕ್ಟ್‌ನಲ್ಲಿ ಒಂದು ವರ್ಷ’ ಎಂಬುದು ಕಾಗದದ ಮೇಲೆ ನಿಷ್ಪಕ್ಷಪಾತ. ಆ ಪ್ರಾಜೆಕ್ಟ್‌ಗಳಿಗೆ ಯಾರನ್ನು ಹಾಕುತ್ತೀರಿ, ಹಾಕುವವರು ಯಾರು? ಎಷ್ಟೋ ಕಡೆ ಅದು ಊಟದ ಹೊತ್ತಿನ ಮಾತುಕತೆಯಲ್ಲಿ, ಪರಿಚಯದ ಮೇಲೆ ನಡೆದುಹೋಗುತ್ತದೆ. ಹಾಗಿದ್ದರೆ ನಿಮ್ಮ ಸಮಿತಿಯ ಮೂವರೂ ಸಂತರಾಗಿದ್ದರೂ ಫಲಿತಾಂಶ ಬದಲಾಗದು, ಯಾಕೆಂದರೆ ಆಯ್ಕೆ ನಡೆದದ್ದು ಒಂದು ವರ್ಷ ಹಿಂದೆ. ಎರಡು ವರ್ಷಗಳ ಪ್ರಾಜೆಕ್ಟ್ ಹಂಚಿಕೆಯ ಪಟ್ಟಿ ತೆಗೆಸಿ. ಅಂತರ ಅಲ್ಲೇ ಕಂಡರೆ ನಿಮ್ಮ ಮುಂದಿರುವುದು ಸಾಂಸ್ಥಿಕ ರೂಪದ್ದು, ಎಷ್ಟು ಆತ್ಮಪರೀಕ್ಷೆ ಮಾಡಿಕೊಂಡರೂ ಅದು ಸರಿಹೋಗದು. ಆ ಅನುಭವ ಮೇಲಿನ ಹುದ್ದೆಗೆ ನಿಜಕ್ಕೂ ಬೇಕೇ ಎಂದು ಕೇಳಿ. ಬೇಡವಾದರೆ ಷರತ್ತು ತೆಗೆಯಿರಿ. ಬೇಕಾದರೆ ಪ್ರಾಜೆಕ್ಟ್ ಖಾಲಿಯಾದಾಗ ಎಲ್ಲರಿಗೂ ಇಮೇಲ್‌ನಲ್ಲಿ ತಿಳಿಸಿ, ಆಸಕ್ತರಿಂದ ಅರ್ಜಿ ಪಡೆದು, ಹಾಕಿದ್ದಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ದಾಖಲಿಸಿ. ವ್ಯಕ್ತಿಗಳ ಜನಾಂಗದ ಮಾಹಿತಿ ಸೂಕ್ಷ್ಮ ಸಂಗತಿ. ಕೆಲವು ದೇಶಗಳಲ್ಲಿ ಅದನ್ನು ಸಂಗ್ರಹಿಸುವುದಕ್ಕೇ ಕಾನೂನಿನ ನಿರ್ಬಂಧವಿದೆ. ಈ ಎಣಿಕೆಯನ್ನು ನೀವೊಬ್ಬರೇ ಮಾಡದೆ ಎಚ್‌ಆರ್ ಮತ್ತು ಕಾನೂನು ವಿಭಾಗದ ಮೂಲಕ ಮಾಡಿಸಿ, ಹೆಸರಿಲ್ಲದ ಒಟ್ಟು ಸಂಖ್ಯೆಗಳನ್ನಷ್ಟೇ ಹೊರಗೆ ತನ್ನಿ.

ಇಲ್ಲೇ ಇನ್ನೊಂದು ಉದಾಹರಣೆ ಹೇಳಬೇಕು. ನಂಬಿಕೆಯೊಂದು ಸೂತ್ರದೊಳಗೆ ಕೂತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದದ್ದು ನನಗೆ ಗೊತ್ತಿಲ್ಲ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜಿಸಲು 2009ರಿಂದ ವ್ಯಾಪಕವಾಗಿ ಬಳಸಿದ ಸೂತ್ರದಲ್ಲಿ, ರೋಗಿ ಕಪ್ಪು ವರ್ಣೀಯರಾಗಿದ್ದರೆ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಅಮೆರಿಕದಲ್ಲಿ ಈ ಅಂಕಿ 20 ಅಥವಾ ಅದಕ್ಕಿಂತ ಕೆಳಗೆ ಬಂದರೆ ಮೂತ್ರಪಿಂಡ ಕಸಿಯ ಸರದಿಯಲ್ಲಿ ಕಾಯುವ ಅವಧಿ ಎಣಿಕೆಯಾಗಲು ಶುರುವಾಗುತ್ತದೆ. ಗುಣಿಸುವ ಮೊದಲು 18 ಇದ್ದವರಿಗೆ ಗುಣಿಸಿದ ಮೇಲೆ 20.9. ಸರದಿಯಿಂದ ಹೊರಗೆ. ಅದನ್ನು ಲೆಕ್ಕ ಹಾಕಿದ ಲ್ಯಾಬಿನವರಿಗಾಗಲಿ ವೈದ್ಯರಿಗಾಗಲಿ ಯಾರ ಮೇಲೂ ದ್ವೇಷ ಇರಬೇಕಾಗಿರಲಿಲ್ಲ. 2021ರಲ್ಲಿ ಅಲ್ಲಿನ ಮೂತ್ರಪಿಂಡ ತಜ್ಞರ ಸಂಘಟನೆಗಳು ಜನಾಂಗದ ಗುಣಕವನ್ನು ಕೈಬಿಟ್ಟ ಹೊಸ ಸೂತ್ರವನ್ನು ಶಿಫಾರಸು ಮಾಡಿದವು. ವೈದ್ಯರಿಗೆ ಕೊಡುವ ಉಪದೇಶದಿಂದ ಆಗದಿದ್ದದ್ದು ಸೂತ್ರ ಬದಲಿಸಿದಾಗ ಆಯಿತು.

ಸಮಿತಿಯ ಕೆಲಸವನ್ನು ಹೇಗೆ ಬದಲಿಸುವುದು

‘ನಾಯಕತ್ವ’, ‘ಹೊಂದಿಕೆ’ ಇಂಥ ಅಸ್ಪಷ್ಟ ಪದಗಳು ಪೂರ್ವಗ್ರಹಕ್ಕೆ ಹೇಳಿ ಮಾಡಿಸಿದ ಜಾಗ. ಅರ್ಜಿಗಳನ್ನು ತೆರೆಯುವ ಮುಂಚೆಯೇ ನಾಲ್ಕೈದು ಮಾನದಂಡ, ಪ್ರತಿಯೊಂದಕ್ಕೂ ಎಷ್ಟು ತೂಕ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ. ಪ್ರತಿ ಮಾನದಂಡಕ್ಕೆ 1, 3, 5 ಅಂಕ ಕೊಡಲು ಯಾವ ಪುರಾವೆ ಬೇಕು ಎಂದು ಒಂದೊಂದು ಸಾಲು ಬರೆಯಿರಿ. ‘ಸಂವಹನ’ ಎಂದರೆ ಉಚ್ಚಾರಣೆಯ ಧಾಟಿಯಲ್ಲ. ಗ್ರಾಹಕರಿಗೆ ಕಳಿಸಿದ ವರದಿಗಳಲ್ಲಿ ಎಷ್ಟು ತಿದ್ದುಪಡಿಗೆ ವಾಪಸ್ ಬಂದವು ಎಂಬಂಥ ಎಣಿಸಬಹುದಾದ ಸಂಗತಿ. ‘ಹೊಂದಿಕೆ’ಯನ್ನು ನಾನಾದರೆ ತೆಗೆದೇ ಹಾಕುತ್ತೇನೆ. ಎಲ್ಲರಿಗೂ ಅದೇ ಪ್ರಶ್ನೆಗಳು, ಅದೇ ಕ್ರಮದಲ್ಲಿ. ಮೂವರೂ ಬೇರೆ ಬೇರೆಯಾಗಿ ಅಂಕ ಬರೆದು ಒಪ್ಪಿಸಿದ ಮೇಲೆಯೇ ಚರ್ಚೆ. ಚರ್ಚೆಯಲ್ಲಿ ಕಿರಿಯರು ಮೊದಲು ಮಾತಾಡಲಿ. ಅಂಕ ಬದಲಿಸಬಹುದು, ಆದರೆ ಕಾರಣ ಬರೆದು.

ಇದು ಕೆಡುವ ದಾರಿಗಳೂ ಗೊತ್ತಿರಲಿ. ಮೊದಲೇ ಮನಸ್ಸಿನಲ್ಲಿ ಆರಿಸಿಕೊಂಡವರಿಗೆ ತಕ್ಕಂತೆ ಅಂಕ ಕೂಡಿಸುವುದು ಎಲ್ಲಕ್ಕಿಂತ ಸಾಮಾನ್ಯ. ಹಾಳೆಯ ಕೊನೆಯಲ್ಲಿ ‘ಒಟ್ಟಾರೆ ಅಭಿಪ್ರಾಯ’ ಎಂಬ ಕಾಲಂ ಉಳಿಸಿಕೊಂಡರೆ ಮೇಲಿನ ಶ್ರಮವೆಲ್ಲ ಅದರಲ್ಲೇ ಸೋರಿಹೋಗುತ್ತದೆ. ಮಧ್ಯದಲ್ಲಿ ತೂಕ ಬದಲಿಸುವುದು ಮೂರನೆಯದು: ಒಬ್ಬರಿಗೆ ಅನುಭವ ಮುಖ್ಯವಾಗುತ್ತದೆ, ಇನ್ನೊಬ್ಬರಿಗೆ ಪದವಿ.

ಹೆಸರು ಮುಚ್ಚಿ ಅರ್ಜಿ ನೋಡುವ ಸಲಹೆ ನಿಮಗೆ ಬಂದೀತು. ಹೊರಗಿನವರ ನೇಮಕಾತಿಯ ಮೊದಲ ಸುತ್ತಿನಲ್ಲಿ ಅದಕ್ಕೆ ಅರ್ಥವಿದೆ. ಒಬ್ಬರಿಗೊಬ್ಬರು ಗೊತ್ತಿರುವ ಒಳಗಿನ ಬಡ್ತಿಯಲ್ಲಿ ಅದು ನಾಟಕವಾಗುತ್ತದೆ. ತಿರುಗುಬಾಣವೂ ಆಗಬಹುದು: ಫ್ರಾನ್ಸ್‌ನಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಸಂಸ್ಥೆಗಳಲ್ಲಿ ಹೆಸರಿಲ್ಲದ ಅರ್ಜಿ ಪರೀಕ್ಷಿಸಿದಾಗ (2015ರಲ್ಲಿ ಪ್ರಕಟ) ಅಲ್ಪಸಂಖ್ಯಾತ ಅಭ್ಯರ್ಥಿಗಳಿಗೆ ಸಂದರ್ಶನದ ಕರೆ ಕಡಿಮೆಯೇ ಆಯಿತು. ಹಿನ್ನೆಲೆ ಗೊತ್ತಿದ್ದಾಗ ಕೊಡುತ್ತಿದ್ದ ರಿಯಾಯಿತಿ ತಪ್ಪಿಹೋಗಿತ್ತು.

ಅರ್ಧ ದಿನದ ತರಬೇತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 6,321 ಮಂದಿಯ ಮೇಲೆ ಒಂಬತ್ತು ಬಗೆಯ ಉಪಾಯಗಳನ್ನು ಪ್ರಯೋಗಿಸಿದರು. ಎಲ್ಲವೂ ಆ ಕ್ಷಣಕ್ಕೆ ಅರಿವಿಲ್ಲದ ಒಲವನ್ನು ತಗ್ಗಿಸಿದವು, ಕೆಲವು ಗಂಟೆ ಅಥವಾ ದಿನಗಳಲ್ಲಿ ಎಲ್ಲದರ ಪರಿಣಾಮವೂ ಆರಿಹೋಯಿತು. ಅಮೆರಿಕದ 708 ಖಾಸಗಿ ಕಾರ್ಯಸ್ಥಳಗಳ ಮೂರು ದಶಕಗಳ ದಾಖಲೆ ನೋಡಿದ 2006ರ ಸಂಶೋಧನೆ, ತರಬೇತಿಗಿಂತ ಯಾರಾದರೂ ಒಬ್ಬರನ್ನು ಫಲಿತಾಂಶಕ್ಕೆ ಹೊಣೆ ಮಾಡಿದ ಕಡೆ ಹೆಚ್ಚು ಬದಲಾವಣೆ ಕಂಡಿತು. ತರಬೇತಿಗೆ ಹೋಗಿ ಬನ್ನಿ, ಒಂದಿಷ್ಟು ವಿಷಯ ತಿಳಿಯುತ್ತದೆ. ಆದರೆ ಅದನ್ನೇ ದೂರಿಗೆ ಉತ್ತರವೆಂದು ಕೊಡಲು ಎಚ್‌ಆರ್‌ಗೆ ಬಿಡಬೇಡಿ.

ಸಹೋದ್ಯೋಗಿಗೆ ಏನು ಹೇಳುವುದು

ಎರಡು ಮಾತು ಆಡಬೇಡಿ. ‘ನಾನು ರೇಸಿಸ್ಟ್ ಅಲ್ಲ’ ಎಂದರೆ ನಿಮ್ಮನ್ನು ಸಮಾಧಾನ ಮಾಡುವ ಹೊರೆ ಅವರ ಮೇಲೆ ಬೀಳುತ್ತದೆ. ‘ಪುರಾವೆ ಕೊಡಿ’ ಎಂದರೆ, ಕಡತಗಳೆಲ್ಲ ನಿಮ್ಮ ಕಪಾಟಿನಲ್ಲಿರುವಾಗ ಅವರು ತರುವುದಾದರೂ ಎಲ್ಲಿಂದ? ಕ್ಷಮೆ ಕೇಳುವ ಆತುರವೂ ಬೇಡ, ಯಾವುದಕ್ಕೆ ಎಂಬುದು ನಿಮಗೇ ಇನ್ನೂ ಗೊತ್ತಿಲ್ಲ. ಹೀಗೆ ಹೇಳಬಹುದು: ‘ನೀವು ಹೇಳಿದ ಮೇಲೆ ಎರಡು ವರ್ಷದ ಅಂಕಿ ನೋಡಿದೆ. ಅಂತರ ಇದೆ. ಎಲ್ಲಿಂದ ಬಂತು ಎಂದು ತಿಳಿಯಲು ಪ್ರಾಜೆಕ್ಟ್ ಹಂಚಿಕೆ ಮತ್ತು ಸಮಿತಿಯ ತೀರ್ಮಾನಗಳ ದಾಖಲೆ ಪರಿಶೀಲಿಸಲು ಎಚ್‌ಆರ್‌ಗೆ ಬರೆದಿದ್ದೇನೆ. ಇಂಥ ದಿನಾಂಕದೊಳಗೆ ಏನು ಕಂಡಿತು ಎಂದು ತಿಳಿಸುತ್ತೇನೆ. ನಿಮ್ಮ ಅರ್ಜಿಯ ಬಗ್ಗೆ ಸಮಿತಿ ಬರೆದ ಕಾರಣಗಳನ್ನು ನೋಡಬೇಕೆಂದರೆ ಅದಕ್ಕೂ ಕೇಳಿಕೊಳ್ಳುತ್ತೇನೆ.’ ಈ ಸುಧಾರಣೆಯ ಸಮಿತಿಗೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡುವುದು ಗೌರವದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಸಂಬಳವಿಲ್ಲದ ಹೆಚ್ಚುವರಿ ದುಡಿಮೆ. ಅವರೇ ಬಯಸಿದರೆ, ಅವರ ಬೇರೆ ಕೆಲಸ ಕಡಿಮೆ ಮಾಡಿ ಕೊಡಿ.

ದೂರು ಬಂದ ಮೇಲಿನ ಕೆಲವು ತಿಂಗಳು ಎಚ್ಚರ. ಅವರನ್ನು ಸಭೆಗೆ ಕರೆಯಲು ಮರೆಯುವುದು, ಇಮೇಲ್ ಪಟ್ಟಿಯಿಂದ ಹೆಸರು ಬಿಡುವುದು, ಮುಂದಿನ ಮೌಲ್ಯಮಾಪನದಲ್ಲಿ ಸುಮ್ಮನೆ ಒಂದು ಅಂಕ ಕಡಿಮೆಯಾಗುವುದು, ಇವು ಮುಜುಗರದಿಂದ ತಾವಾಗಿ ನಡೆದುಬಿಡುತ್ತವೆ. ಅಮೆರಿಕ, ಬ್ರಿಟನ್ ಸೇರಿ ಹಲವು ದೇಶಗಳಲ್ಲಿ ಮೂಲ ದೂರು ಸಾಬೀತಾಗದಿದ್ದರೂ ಪ್ರಾಮಾಣಿಕವಾಗಿ ದೂರಿದವರ ಮೇಲೆ ಸೇಡು ತೀರಿಸಿಕೊಳ್ಳುವುದು ಪ್ರತ್ಯೇಕ ಅಪರಾಧದಂತೆಯೇ ಕಾನೂನುಬಾಹಿರ. ಮುಂದಿನ ಮೌಲ್ಯಮಾಪನವನ್ನು ನಿಮ್ಮ ತಂಡದ ಹೊರಗಿನ ಒಬ್ಬರು ಮರುಓದುವಂತೆ ಮಾಡಿ.

ಮುಂದಿನ ಎರಡು ಬಡ್ತಿ ಸುತ್ತುಗಳು ಮುಗಿದ ಮೇಲೆ ಅದೇ ಐದು ಹಂತಗಳ ಎಣಿಕೆಯನ್ನು ಮತ್ತೆ ಮಾಡಿಸಿ. ಸಂದರ್ಶನದ ಹಂತದ ಅಂತರ ಕಿರಿದಾಗಿ, ಅರ್ಹತೆಯ ಹಂತದ್ದು ಹಾಗೇ ಉಳಿದಿದ್ದರೆ ಅಂಕಪಟ್ಟಿ ತನ್ನ ಕೆಲಸ ಮಾಡಿದೆ, ಪ್ರಾಜೆಕ್ಟ್ ಹಂಚಿಕೆ ಮಾತ್ರ ಇನ್ನೂ ಹಳೆಯ ದಾರಿಯಲ್ಲೇ ನಡೆಯುತ್ತಿದೆ ಎಂದು ತಿಳಿಯಿರಿ. ಆಗ ಮಾತಾಡಬೇಕಾದದ್ದು ನಿಮ್ಮ ಸಮಿತಿಯ ಜೊತೆಗಲ್ಲ, ಪ್ರಾಜೆಕ್ಟ್ ಹಂಚುವ ಮ್ಯಾನೇಜರ್‌ಗಳ ಜೊತೆ.